ಬದಲಾದದ್ದು ಒಡೆಯನೋ, ಗೇರೋ? ಒಂದು ಲ್ಯಾಂಬೊರ್ಗಿನಿ ಪ್ರಕರಣ

ದೊಡ್ಡ ಕಂಪನಿ ಕೊಂಡುಕೊಂಡರೆ ಸ್ಪೋರ್ಟ್ಸ್ ಕಾರು ಸಪ್ಪೆಯಾಗುತ್ತದೆ ಎನ್ನುವವರು ಮೊದಲು ಬೆರಳು ತೋರಿಸುವುದು ಇಟಲಿಯ ಲ್ಯಾಂಬೊರ್ಗಿನಿಯ ಕಡೆಗೆ. 1998ರಲ್ಲಿ ಅದು ಜರ್ಮನಿಯ ಆಡಿ ಕೈಗೆ ಬಂತು. ಅದಕ್ಕೆ ಮುಂಚಿನ ಕಾರುಗಳು ಪುಂಡು, ಆಮೇಲಿನವು ಸಾಧು ಎಂದು ಎರಡು ಮಾತಿನಲ್ಲಿ ತೀರ್ಪು ಕೊಟ್ಟು ಮುಗಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಇಲ್ಲಿರುವುದು ಎರಡೂ ಕಾಲದ ಕಾರುಗಳನ್ನು ಒಂದೇ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ ಒಬ್ಬರ ಪ್ರಕರಣ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು ಎಂಬ ಲೆಕ್ಕಾಚಾರದಲ್ಲಿ ನಾನೂ ಅವರ ಜೊತೆಗಿದ್ದೆ. ಹೆಸರು, ಊರು, ಕಾರಿನ ಬಣ್ಣ ಮೂರನ್ನೂ ಬಿಟ್ಟಿದ್ದೇನೆ. ಬಣ್ಣ ಹೇಳಿದರೂ ಸಾಕು, ಯಾರ ಕಾರು ಎಂದು ಹೇಳಿಬಿಡುವವರಿದ್ದಾರೆ. ಈ ಕಾರುಗಳ ಲೋಕ ಅಷ್ಟು ಚಿಕ್ಕದು.

ಹಿನ್ನೆಲೆ

ಮಾಲೀಕರು ಯುರೋಪಿನವರು, ವೃತ್ತಿಯಲ್ಲಿ ಎಂಜಿನಿಯರ್. ಅವರ ಹತ್ತಿರ 1990ರ ದಶಕದ ಆರಂಭದ ಡಯಾಬ್ಲೊ ಎಂಬ ಲ್ಯಾಂಬೊರ್ಗಿನಿ ಬಹಳ ವರ್ಷಗಳಿಂದ ಇತ್ತು. 5.7 ಲೀಟರ್ ವಿ12, ಅಂದರೆ ಹನ್ನೆರಡು ಸಿಲಿಂಡರಿನ ಎಂಜಿನ್, 492 ಅಶ್ವಶಕ್ತಿ, ಎಲ್ಲವೂ ಹಿಂದಿನ ಎರಡು ಚಕ್ರಕ್ಕೆ. ಪವರ್ ಸ್ಟಿಯರಿಂಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಕ್ಲಚ್ ಒತ್ತಬೇಕಾದರೆ ತೊಡೆಯ ಬಲ ಬೇಕು. ಹಿಂದಿನ ಗಾಜಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ರಿವರ್ಸ್ ತೆಗೆಯುವಾಗ ಬಾಗಿಲನ್ನು ಮೇಲಕ್ಕೆತ್ತಿ, ಅಗಲವಾದ ಅಂಚಿನ ಮೇಲೆ ಅರ್ಧ ಕೂತು, ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು, ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಡಯಾಬ್ಲೊಗೆ ಮುಂಚಿನ ಲ್ಯಾಂಬೊರ್ಗಿನಿಯಾದ ಕೌಂಟಾಚ್ ಕಾಲದಿಂದ ಬಂದ ಪದ್ಧತಿ ಅದು. ನೋಡುವವರಿಗೆ ಶೋಕಿ, ಮಾಡುವವರಿಗೆ ಸೊಂಟನೋವು.

ಇಷ್ಟು ಕಷ್ಟದ ಕಾರನ್ನು ದಿನಾ ಯಾರು ತೆಗೆಯುತ್ತಾರೆ? ಅದು ಶೆಡ್ಡಿನಲ್ಲಿ ನಿಲ್ಲುವುದೇ ಜಾಸ್ತಿಯಾಯಿತು. ಬೇಕೆಂದಾಗ ತೆಗೆದು ಓಡಿಸುವಂಥದ್ದು ಇನ್ನೊಂದಿರಲಿ ಎಂದು ಅವರು 2000ದ ದಶಕದ ಮಧ್ಯದ ಒಂದು ಗಲ್ಲಾರ್ಡೊ ಕೊಂಡರು. 2003ರಲ್ಲಿ ಬಂದ ಗಲ್ಲಾರ್ಡೊ ಆಡಿ ಕಾಲದ ನಿಜವಾದ ಕೂಸು. ಅಲ್ಯೂಮಿನಿಯಂ ಚೌಕಟ್ಟು, ನಾಲ್ಕೂ ಚಕ್ರಕ್ಕೆ ಚಾಲನೆ, 5.0 ಲೀಟರ್ ವಿ10. ಮೊದಲ ಮಾದರಿಯಲ್ಲೇ 500 ಅಶ್ವಶಕ್ತಿ. ಅಂದರೆ ಡಯಾಬ್ಲೊಗಿಂತ ಎರಡು ಸಿಲಿಂಡರ್ ಕಮ್ಮಿ ಇದ್ದರೂ ಶಕ್ತಿ ಅಷ್ಟೇ. ಬಾಗಿಲು ಎಲ್ಲ ಕಾರುಗಳ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ಏಸಿ ನಿಜವಾಗಿಯೂ ತಣ್ಣಗೆ ಮಾಡುತ್ತದೆ.

ಅವರು ಕೊಂಡ ಕಾರಿನಲ್ಲಿ ಇ-ಗೇರ್ ಇತ್ತು. ಇದನ್ನು ಇಲ್ಲೇ ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಗಲ್ಲಾರ್ಡೊದಲ್ಲಿ ಎರಡು ಆಯ್ಕೆ ಇದ್ದವು. ಒಂದು, ಸೀಳುಗಳಿರುವ ಲೋಹದ ತಟ್ಟೆಯೊಳಗೆ, ಅಂದರೆ ತೆರೆದ ಗೇಟಿನೊಳಗೆ, ಗೇರ್ ಕೋಲು ಓಡಾಡುವ ಆರು ಗೇರಿನ ಮ್ಯಾನ್ಯುಯಲ್. ಇನ್ನೊಂದು, ಸ್ಟಿಯರಿಂಗಿನ ಹಿಂದೆ ಎರಡು ಪ್ಯಾಡಲ್ ಇರುವ ಇ-ಗೇರ್. ಇ-ಗೇರ್ ಅಂದರೆ ಆಟೋಮ್ಯಾಟಿಕ್ ಅಲ್ಲ. ಒಳಗಿನ ಗೇರ್‌ಬಾಕ್ಸು, ಒಂಟಿ ಕ್ಲಚ್ಚು ಮ್ಯಾನ್ಯುಯಲ್‌ನವೇ. ಕ್ಲಚ್ ಬಿಡಿಸುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಕಂಪ್ಯೂಟರ್ ಹೇಳಿದ ಹಾಗೆ ಹೈಡ್ರಾಲಿಕ್ ವ್ಯವಸ್ಥೆ ಮಾಡುತ್ತದೆ.

ತೊಂದರೆ ಏನಿತ್ತು

ಕೆಲವು ತಿಂಗಳಲ್ಲೇ ಅವರಿಗೆ ಕಸಿವಿಸಿ ಶುರುವಾಯಿತು. ಗಲ್ಲಾರ್ಡೊ ತೆಗೆದರೆ ಯಾವ ತಕರಾರೂ ಇಲ್ಲದೆ ಹೋಗುತ್ತದೆ, ಬರುತ್ತದೆ. ವೇಗಕ್ಕೆ ಕೊರತೆಯಿಲ್ಲ. ಆದರೆ ಮನೆಗೆ ಬಂದು ಕೀಲಿ ಮೇಜಿನ ಮೇಲಿಟ್ಟರೆ ಆ ಓಡಾಟದ ಏನೂ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಡಯಾಬ್ಲೊ ತೆಗೆದರೆ ಬೆವರು ಸುರಿಸಿಕೊಂಡು ಬಂದು ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡುತ್ತಿದ್ದರು.

ಅವರೇ ಕೊಟ್ಟುಕೊಂಡ ಕಾರಣ ಸಿದ್ಧವಾಗಿತ್ತು: "ಇದು ಇಟಲಿಯ ಬಟ್ಟೆ ಹಾಕಿದ ಆಡಿ." ಡ್ಯಾಶ್‌ಬೋರ್ಡಿನಲ್ಲಿ ರೇಡಿಯೊ, ಏಸಿಯ ಗುಂಡಿಗಳು ಆಡಿ ಕಾರುಗಳಲ್ಲಿ ಕಂಡಂಥವೇ. ಕಣ್ಣೆದುರಿಗೇ ಸಾಕ್ಷಿ ಇತ್ತಲ್ಲ, ತೀರ್ಪು ಬೇಗ ಬಂತು. ಗಲ್ಲಾರ್ಡೊ ಮಾರಿ, 1998ಕ್ಕೆ ಮುಂಚಿನದೇ ಇನ್ನೊಂದು ಕಾರು ಹುಡುಕುವುದು ಎಂದು ತೀರ್ಮಾನಿಸಿಬಿಟ್ಟಿದ್ದರು. ನನ್ನನ್ನು ಕೇಳಿದ್ದು ಯಾವುದನ್ನು ಕೊಳ್ಳಲಿ ಎಂದಷ್ಟೇ. ಮಾರಬೇಕೋ ಬೇಡವೋ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ.

ನನಗೆ ಆ ತೀರ್ಪು ಅವಸರದ್ದು ಅನ್ನಿಸಿತು. ಒಂದು ಕಾರಿನಿಂದ ಇನ್ನೊಂದಕ್ಕೆ ಬಂದಾಗ ಬದಲಾದದ್ದು ಒಡೆಯ ಮಾತ್ರವೇ? ಎಂಜಿನ್ ಬೇರೆ, ಚಾಲನೆ ಬೇರೆ, ಸ್ಟಿಯರಿಂಗ್ ಬೇರೆ, ಬ್ರೇಕ್ ಬೇರೆ, ಗೇರ್ ಬೇರೆ. ಇಷ್ಟೆಲ್ಲ ಒಟ್ಟಿಗೆ ಬದಲಾಗಿರುವಾಗ ತಪ್ಪನ್ನು ಮಾಲೀಕತ್ವದ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ಎಂಜಿನಿಯರ್ ಆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇರಬಾರದಿತ್ತು. ಪ್ರೀತಿಯ ವಿಷಯ ಬಂದರೆ ಎಂಜಿನಿಯರೂ ಅಭಿಮಾನಿಯೇ.

ಮಾಡಿ ನೋಡಿದ್ದು

ಮೊದಲ ಪ್ರಯತ್ನ ಅವರದೇ: ಎಕ್ಸಾಸ್ಟ್ ಬದಲಿಸಿದರು. ಕಾರು ಸಪ್ಪೆ ಅನ್ನಿಸಿದರೆ ಎಲ್ಲರೂ ಮಾಡುವುದು ಇದನ್ನೇ, ಅಡುಗೆ ರುಚಿಯಿಲ್ಲ ಎಂದು ಉಪ್ಪು ಸುರಿದ ಹಾಗೆ. ಮೊದಲ ವಾರ ಖುಷಿಯಾಯಿತು. ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದೆ ತಲೆನೋವಾಯಿತು. ಸದ್ದು ಹೆಚ್ಚಿತು, ಅಷ್ಟೇ. ಹಳೆಯ ಎಕ್ಸಾಸ್ಟ್ ವಾಪಸ್ ಬಂತು.

ಎರಡನೆಯದು ನಾನು ಹೇಳಿದ್ದು. ಯಾವ ಕಾರು ಓಡಿಸಿದರೂ ಸರಿ, ಬಂದ ಮೇಲೆ ಕೂತು, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಒಂದು ಪುಸ್ತಕದಲ್ಲಿ ಬರೆಯಿರಿ. ಅಭಿಪ್ರಾಯ ಬೇಡ, ಕಾರಿಗೆ ಅಂಕ ಕೊಡುವುದೂ ಬೇಡ. ಏನಾಯಿತು ಅನ್ನುವುದು ಮಾತ್ರ.

ಆ ಪುಸ್ತಕ ನೋಡಿದಾಗ ವಿಷಯ ಬೇರೆಯೇ ಇತ್ತು. ಡಯಾಬ್ಲೊ ಪುಟಗಳ ತುಂಬ ಕೈ ಕಾಲಿನ ಮಾತು. ಗೇರ್‌ಬಾಕ್ಸ್ ತಣ್ಣಗಿದ್ದಾಗ ಎರಡನೇ ಗೇರ್ ಬೀಳಲಿಲ್ಲ, ಎಣ್ಣೆ ಬಿಸಿಯಾಗುವ ತನಕ ಒಂದರಿಂದ ಮೂರಕ್ಕೆ ಹೋದೆ. ತಿರುವಿಗೆ ಮುಂಚೆ ಗೇರ್ ಇಳಿಸುವಾಗ ಕಾಲು ತಪ್ಪಿತು, ಕಾರು ಜಗ್ಗಿತು. ಮುಂದಿನ ತಿರುವಿನಲ್ಲಿ ಸರಿಯಾಗಿ ಬಂತು. ಗಲ್ಲಾರ್ಡೊ ಪುಟಗಳಲ್ಲಿ ಹೋದ ಊರು, ಬಂದ ಮಳೆ, ಜೊತೆಯಲ್ಲಿದ್ದವರ ಹರಟೆ. ಆದರೆ ನಡುನಡುವೆ ಇನ್ನೊಂದು ಮಾತೂ ಇತ್ತು. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಎಷ್ಟು ಹಿಡಿದಿದೆ ಅನ್ನುವುದು ಸ್ಟಿಯರಿಂಗಿನಲ್ಲೇ ಕೈಗೆ ಗೊತ್ತಾಯಿತು ಎಂದು. ಎಂಜಿನ್ ಎಂಟು ಸಾವಿರದ ಹತ್ತಿರ ಹೋಗುವಾಗಿನ ಕೂಗಿನ ಬಗ್ಗೆಯೂ ಒಂದೆರಡು ಕಡೆ ಇತ್ತು.

ಅಂದರೆ ಕಾರು ಪೂರ್ತಿ ಮೂಕವಾಗಿರಲಿಲ್ಲ. ಸ್ಟಿಯರಿಂಗ್ ಮಾತಾಡುತ್ತಿತ್ತು, ಎಂಜಿನ್ನೂ ಮಾತಾಡುತ್ತಿತ್ತು. ಗೇರಿನ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ಡಯಾಬ್ಲೊದ ಪುಟಗಳಲ್ಲಿ ಅತಿ ಹೆಚ್ಚು ಇದ್ದದ್ದೇ ಗೇರಿನ ಮಾತು.

ತಿರುವು

ಇದನ್ನು ಪರೀಕ್ಷೆ ಮಾಡಲು ಒಂದೇ ದಾರಿ: ಉಳಿದದ್ದೆಲ್ಲ ಹಾಗೇ ಇರಬೇಕು, ಗೇರ್ ಮಾತ್ರ ಬೇರೆಯಾಗಬೇಕು. ಪರಿಚಯದ ಇನ್ನೊಬ್ಬರ ಬಳಿ ಅದೇ ಕಾಲದ, ಅದೇ 5.0 ಲೀಟರಿನ ಮ್ಯಾನ್ಯುಯಲ್ ಗಲ್ಲಾರ್ಡೊ ಇತ್ತು. ಒಂದು ದಿನದ ಮಟ್ಟಿಗೆ ಇಬ್ಬರೂ ಕಾರು ಅದಲು ಬದಲು ಮಾಡಿಕೊಂಡರು. ಮಾಲೀಕರು ಒಲ್ಲದ ಮನಸ್ಸಿನಿಂದಲೇ ಹೋದದ್ದು. ಒಳಗೆ ಕೂತರೆ ಅದೇ ಆಡಿ ಗುಂಡಿಗಳು.

ಸಂಜೆ ಬಂದವರು ಕಾರಿನಿಂದ ಬೇಗ ಇಳಿಯಲಿಲ್ಲ. ಎಂಜಿನ್ ನಿಲ್ಲಿಸಿ, ಸುಮ್ನೆ ಕೋಲನ್ನು ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಹಾಕುತ್ತ ಕೂತಿದ್ದರು. ಕೋಲು ಗೇಟಿನ ಅಂಚಿಗೆ ತಾಗಿದಾಗ ಟಕ್ ಎಂದು ಲೋಹದ ಸದ್ದು. ಅವತ್ತಿನ ಪುಟ ಡಯಾಬ್ಲೊ ಪುಟದಷ್ಟೇ ಉದ್ದ ಬಂತು.

ಈಗ ಯೋಚನೆ ಮಾಡಿ. ಎರಡೂ ಕಾರು ಮಾಡಿದಾಗ ಕಂಪನಿಗೆ ಒಬ್ಬನೇ ಒಡೆಯ, ಒಂದೇ ಕಾರ್ಖಾನೆ, ಒಂದೇ ಎಂಜಿನ್, ಒಂದೇ ಚೌಕಟ್ಟು. ಒಂದು ಸಪ್ಪೆ, ಒಂದು ಜೀವಂತ. ಹಾಗಾದರೆ ಆಡಿ ಕೊಂಡದ್ದರಿಂದ ಗುಣ ಹೋಯಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಅಲ್ವಾ? ಆಡಿ ಮ್ಯಾನ್ಯುಯಲನ್ನೂ ಮಾರಾಟಕ್ಕಿಟ್ಟಿತ್ತು. ಇ-ಗೇರ್ ಆರಿಸಿಕೊಂಡದ್ದು ಕೊಂಡವರು. ನಮ್ಮ ಮಾಲೀಕರೂ ಅವರಲ್ಲಿ ಒಬ್ಬರು, ಸೆಕೆಂಡ್ ಹ್ಯಾಂಡ್ ಆದರೂ.

ಇನ್ನೊಂದು ತಿರುವು ಬಂದದ್ದು ಡಯಾಬ್ಲೊ ಕಡೆಯಿಂದ. ಅದರ ಸರ್ವೀಸಿಗೆ ಹೋದಾಗ ವಯಸ್ಸಾದ ಮೆಕ್ಯಾನಿಕ್ ಒಬ್ಬರು, ಇವರ ವಾದವನ್ನು ಪೂರ್ತಿ ಕೇಳಿ, "ಹಾಗಾದರೆ ಈ ಕಾರು ಯಾರ ಕಾಲದ್ದು?" ಎಂದು ಕೇಳಿದರಂತೆ. ಉತ್ತರ ಇವರಿಗೆ ಗೊತ್ತಿತ್ತು, ಲೆಕ್ಕಕ್ಕೆ ಮಾತ್ರ ತೆಗೆದುಕೊಂಡಿರಲಿಲ್ಲ. ಡಯಾಬ್ಲೊ ಬಂದದ್ದು 1990ರಲ್ಲಿ. ಆಗ ಕಂಪನಿ ಅಮೆರಿಕದ ಕ್ರೈಸ್ಲರ್ ಕೈಯಲ್ಲಿತ್ತು, 1987ರಿಂದಲೇ. ಮೂಲ ಚಿತ್ರ ಬರೆದದ್ದು ಇಟಲಿಯ ವಿನ್ಯಾಸಕಾರ ಮಾರ್ಚೆಲೊ ಗಾಂಡಿನಿ. ಲ್ಯಾಂಬೊರ್ಗಿನಿಯ ಹಿಂದಿನ ಕಾರುಗಳಾದ ಮಿಯುರಾ, ಕೌಂಟಾಚ್ ಎರಡೂ ಅವರ ಕೈಯವೇ. ಆದರೆ ಅವರು ಬರೆದ ಚೂಪು ಅಂಚುಗಳನ್ನು ಕ್ರೈಸ್ಲರ್‌ನ ವಿನ್ಯಾಸಕಾರರು ಉಜ್ಜಿ ದುಂಡಗೆ ಮಾಡಿದರು. ಗಾಂಡಿನಿಗೆ ಅದು ಹಿಡಿಸಲಿಲ್ಲ. ಉಜ್ಜದೆ ಉಳಿದ ಆ ರೂಪದ ಕಲ್ಪನೆ ಚಿಜೆಟಾ ವಿ16ಟಿ ಎಂಬ ಬೇರೆ ಕಾರಿನಲ್ಲಿ ಕಾಣಿಸಿಕೊಂಡಿತು.

ಅಂದರೆ ಇವರು ಅಪ್ಪಟ ಎಂದು ಎದೆಗೊತ್ತಿಕೊಂಡಿದ್ದ ಕಾರೇ ದೊಡ್ಡ ಕಂಪನಿಯೊಂದು ಕೈಯಾಡಿಸಿ ನಯ ಮಾಡಿದ ಕಾರು. ಒಡೆಯರ ಪಟ್ಟಿ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಫೆರುಚಿಯೊ ಲ್ಯಾಂಬೊರ್ಗಿನಿ 1963ರಲ್ಲಿ ಶುರು ಮಾಡಿದ ಕಂಪನಿಯಲ್ಲಿ 1970ರ ದಶಕದ ಮಧ್ಯಕ್ಕೇ ಅವರ ಪಾಲು ಪೂರ್ತಿ ಹೋಗಿತ್ತು. 1978ರಲ್ಲಿ ದಿವಾಳಿ. ಆಮೇಲೆ ಮಿಮ್ರಾನ್ ಸೋದರರು, ಆಮೇಲೆ ಕ್ರೈಸ್ಲರ್, 1994ರಲ್ಲಿ ಇಂಡೋನೇಷ್ಯಾದ ಹೂಡಿಕೆದಾರರು, ಕೊನೆಗೆ ಆಡಿ. 1999ರ ಡಯಾಬ್ಲೊಗೆ ಹಾಕಿದ ಹೆಡ್‌ಲೈಟು ನಿಸ್ಸಾನ್ 300ಝಡ್‌ಎಕ್ಸ್ ಕಾರಿನದು. ಆಡಿ ಗುಂಡಿ ನೋಡಿ ಮೂಗು ಮುರಿಯುವವರು ಆ ದೀಪವನ್ನು ಮಾತ್ರ ಪ್ರೀತಿಯಿಂದ ಕ್ಷಮಿಸಿಬಿಡುತ್ತಾರೆ!

ಮತ್ತೆರಡು ಕಾರು

ಇಷ್ಟಾದ ಮೇಲೆ ಅವರಿಗೇ ಕುತೂಹಲ ಹತ್ತಿತು. ಒಂದು ಮ್ಯಾನ್ಯುಯಲ್ ಮುರ್ಸಿಯೆಲಾಗೊ ಓಡಿಸಿದರು. 2001ರಲ್ಲಿ, ಅಂದರೆ ಆಡಿ ಬಂದ ಮೇಲೆ ಬಂದ ಕಾರು. ಅದರ ವಿ12ರ ವಂಶ ಮಾತ್ರ ನೇರವಾಗಿ ಎಂಜಿನಿಯರ್ ಜಿಯೊಟ್ಟೊ ಬಿಝಾರಿನಿ 1963ರಲ್ಲಿ ಮಾಡಿಕೊಟ್ಟ ಮೊದಲ 3.5 ಲೀಟರ್ ಎಂಜಿನ್ನಿಗೆ ಹೋಗುತ್ತದೆ. ಅದನ್ನೇ ಬೆಳೆಸುತ್ತ ಬೆಳೆಸುತ್ತ 6.2, ಆಮೇಲೆ 2006ರಲ್ಲಿ 6.5 ಲೀಟರ್ ಮಾಡಿದರು. ಕಾರು ನಿಂತದ್ದು 2010ರಲ್ಲಿ. ಜರ್ಮನ್ನರು ಬಂದು ಹನ್ನೆರಡು ವರ್ಷ ಆದರೂ ಆ ಮುದಿ ಎಂಜಿನ್ ಕಂಪನಿಯ ಊರಾದ ಸಾಂತಾಗಾತಾದಲ್ಲಿ ತಯಾರಾಗುತ್ತಲೇ ಇತ್ತು. ಓಡಿಸಿ ಬಂದವರು ಹೇಳಿದ್ದು, "ಇದು ನನ್ನ ಡಯಾಬ್ಲೊನೇ, ಬ್ರೇಕ್ ಹಿಡಿಯುತ್ತೆ ಅಷ್ಟೇ." ಅದನ್ನು ಕೊಳ್ಳದಿರಲೂ ಅದೇ ಕಾರಣವಾಯಿತು. ಮನೆಯಲ್ಲಿ ಎರಡು ಡಯಾಬ್ಲೊ ಯಾಕೆ?

ಇನ್ನೊಂದು, 2008ರ ನಂತರದ ಗಲ್ಲಾರ್ಡೊ ಎಲ್‌ಪಿ560-4. ಇದರ 5.2 ಲೀಟರ್ ವಿ10 ಮತ್ತು ಆಡಿ ಆರ್8ರ ವಿ10 ಒಂದೇ ಮನೆತನ. ಹಂಚಿಕೊಂಡ ಎಂಜಿನ್ ಅಂದರೆ ಇನ್ನೂ ನಯವಾಗಿರಬೇಕು ಅನ್ನಿಸುತ್ತದೆ. ಆದದ್ದು ತಿರುಗಾಮುರುಗಾ. ಮೊದಲಿನ 5.0 ಎಂಜಿನ್ನಿನ ಕ್ರ್ಯಾಂಕ್ ಪಿನ್ನುಗಳನ್ನು (ಪಿಸ್ಟನ್ನಿನ ದಂಡಗಳು ಕೂರುವ ಪಿನ್ನುಗಳನ್ನು) 18 ಡಿಗ್ರಿ ಸೀಳಿ ಜೋಡಿಸಿದ್ದರು, ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯಲಿ ಎಂದು. 5.2ರಲ್ಲಿ ಆ ಸೀಳು ತೆಗೆದರು. ಅಂತರ ಏರುಪೇರಾಯಿತು, ಸದ್ದಿಗೆ ಒಂದು ಒರಟು ಬಂತು. ಅಂತೂ ಆಡಿ ಜೊತೆ ಹಂಚಿಕೊಂಡ ಎಂಜಿನ್ನೇ ಹೆಚ್ಚು ಒರಟಾಗಿ ಕೂಗಿತು. ಬಿಡಿಭಾಗ ಎಲ್ಲಿಂದ ಬಂತು ಎಂದು ನೋಡಿ ಕಾರಿನ ಗುಣ ಅಳೆಯಲು ಹೋದರೆ ಹೀಗೆ ಎಡವುತ್ತೇವೆ.

ಕೊನೆಗೆ ಏನು ಮಾಡಿದರು

ಮೂರು ದಾರಿಗಳಿದ್ದವು. ಒಂದು, ಮೊದಲಿನ ತೀರ್ಮಾನದ ಹಾಗೆ ಹಳೆಯದೊಂದು ಕೊಳ್ಳುವುದು. ಅದು ತಾನಾಗೇ ಬಿದ್ದುಹೋಯಿತು. ಎರಡು, ಇದ್ದ ಗಲ್ಲಾರ್ಡೊವನ್ನೇ ಮ್ಯಾನ್ಯುಯಲ್ ಮಾಡಿಸುವುದು. ಒಳಗಿನ ಗೇರ್‌ಬಾಕ್ಸ್ ಒಂದೇ ಆದ್ದರಿಂದ ಇದು ಆಗುವ ಕೆಲಸ, ಮಾಡಿಕೊಡುವವರೂ ಇದ್ದಾರೆ. ಹೈಡ್ರಾಲಿಕ್ ಸಾಮಾನು ತೆಗೆದು, ಕ್ಲಚ್ ಪೆಡಲ್, ಕೋಲು, ಗೇಟು ಕೂರಿಸಿ, ಕಂಪ್ಯೂಟರಿಗೂ ತಿಳಿಸಬೇಕು. ಮಾಲೀಕರಿಗೆ ಎಂಜಿನಿಯರ್ ಆಗಿ ಇದರ ಮೇಲೆ ಆಸೆ ಇತ್ತು. ನಾನು ಬೇಡ ಎಂದೆ. ಕಾರ್ಖಾನೆಯಿಂದಲೇ ಮ್ಯಾನ್ಯುಯಲ್ ಆಗಿ ಬಂದ ಕಾರಿಗೂ ಆಮೇಲೆ ಮಾಡಿಸಿದ್ದಕ್ಕೂ ಮಾರುವಾಗ ಬೆಲೆಯಲ್ಲಿ ಬಹಳ ವ್ಯತ್ಯಾಸ. ಮೇಲಾಗಿ ನಾಳೆ ಏನಾದರೂ ಕೆಟ್ಟರೆ ಯಾರ ಕೆಲಸ, ಯಾರ ಹೊಣೆ ಎಂದು ಗೊತ್ತಾಗುವುದಿಲ್ಲ. ಮೂರನೆಯದನ್ನೇ ಮಾಡಿದರು: ಇ-ಗೇರ್ ಮಾರಿ, ಕಾರ್ಖಾನೆಯ ಮ್ಯಾನ್ಯುಯಲ್ ಗಲ್ಲಾರ್ಡೊ ಹುಡುಕಿ ಕೊಂಡರು. ಹುಡುಕುವುದಕ್ಕೆ ಹೊತ್ತು ಹಿಡಿಯಿತು, ದುಡ್ಡೂ ಜಾಸ್ತಿ ಆಯಿತು. ಹೊಸದಾಗಿದ್ದಾಗ ಹೆಚ್ಚಿನವರು ಬೇಡ ಎಂದು ಬಿಟ್ಟಿದ್ದ ಗೇರಿಗೆ ಈಗ ಎಲ್ಲರೂ ಮುಗಿಬೀಳುತ್ತಾರೆ. ಡಯಾಬ್ಲೊ ಮಾರಲಿಲ್ಲ. ವರ್ಷಕ್ಕೆ ಕೆಲವೇ ಸಲ ತೆಗೆಯುತ್ತಾರೆ, ಅದರ ಬಗ್ಗೆ ಈಗ ಬೇಸರವೂ ಇಲ್ಲ.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಈಗಲೂ ಹೊಂದಿಕೆಯಾಗಿಲ್ಲ. ಎಬಿಎಸ್ ಇಲ್ಲದ ಭಯವೂ ಕಾರಿನ ಗುಣವೇ, ಅದನ್ನು ತೆಗೆದರೆ ಅಷ್ಟು ಸಪ್ಪೆಯಾದಂತೆಯೇ ಎನ್ನುತ್ತಾರೆ ಅವರು. ಒಪ್ಪುವುದು ನನಗೆ ಕಷ್ಟ. ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗಿ ಜಾರಿದರೆ ಅದರಲ್ಲಿ ಚಾಲಕ ಮಾಡುವುದು, ಕಲಿಯುವುದು ಬಹಳ ಕಮ್ಮಿ. ತಣ್ಣಗಿನ ಗೇರನ್ನು ಮನವೊಲಿಸಿ ಹಾಕುವುದರಲ್ಲಿ ಕೈಚಳಕ ಇದೆ. ಎರಡೂ ಕಷ್ಟವೇ, ಆದರೆ ಒಂದೇ ಜಾತಿಯವಲ್ಲ. ಏಸಿ, ಬಾಗಿಲಿನ ರಬ್ಬರು, ಎಂಜಿನ್ ತಣ್ಣಗಿಡುವ ವ್ಯವಸ್ಥೆ, ಬ್ರೇಕು: ಇವನ್ನು ಎಷ್ಟು ತಿದ್ದಿದರೂ ಈ ಕಾರಿನ ಮಟ್ಟಿಗೆ ಏನೂ ಕಳೆಯಲಿಲ್ಲ. ಚಾಲಕನ ಕೈಯಿಂದ ಕೆಲಸ ಕಿತ್ತುಕೊಂಡ ಕಡೆ ಕಳೆಯಿತು. ಇಂಥದೇ ಗೊಂದಲದಲ್ಲಿ ಇರುವವರು ಕಾರು ಮಾರುವ ಮುಂಚೆ ಆ ಪುಸ್ತಕದ ಕೆಲಸ ಮಾಡಬಹುದು, ಖರ್ಚೇನೂ ಇಲ್ಲ. ಆಮೇಲೆ ಒಂದೇ ಒಂದು ಅಂಶ ಬೇರೆಯಿರುವ ಕಾರು ಸಿಗುತ್ತದೆಯೇ ಎಂದು ನೋಡಬೇಕು.

ಆಡಿ ಕಾಲದ ಮೇಲಿನ ದೂರು ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2011ರ ಅವೆಂಟಡೋರ್ ಮ್ಯಾನ್ಯುಯಲ್ ಇಲ್ಲದೆ ಬಂತು. 2014ರ ಹುರಾಕನ್ ಕೂಡ, ಎರಡು ಕ್ಲಚ್ಚಿನಿಂದ ತಡವಿಲ್ಲದೆ ಬದಲಾಗುವ ಡ್ಯುಯಲ್ ಕ್ಲಚ್ ಗೇರ್ ಮಾತ್ರ. ಅದರ ಸ್ಟಿಯರಿಂಗ್ ಮೇಲೆ ಸ್ತ್ರಾದಾ, ಸ್ಪೋರ್ಟ್, ಕೋರ್ಸಾ ಎಂಬ ಮೂರು ಆಯ್ಕೆಯ ಸ್ವಿಚ್ ಇದೆ. ಕಾರು ಎಷ್ಟು ಪುಂಡಾಗಿರಬೇಕು ಎಂಬುದನ್ನೇ ಗುಂಡಿಗೆ ಒಪ್ಪಿಸಿದಾಗ ದೂರುವವರ ಮಾತಿನಲ್ಲಿ ಹುರುಳಿದೆ. ಆದರೆ ಅದು ಬಂದದ್ದು ಕಂಪನಿ ಕೈ ಬದಲಾಗಿ ಹದಿನಾರು ವರ್ಷದ ಮೇಲೆ, ಅಷ್ಟು ಹೊತ್ತಿಗೆ ಫೆರಾರಿಯೂ ಕೋಲು ಬಿಟ್ಟಾಗಿತ್ತು. 2009ರಲ್ಲಿ ಅದೇ ಆಡಿ ಕಾಲದಲ್ಲಿ, ಹಳೆಯ ಟೆಸ್ಟ್ ಡ್ರೈವರ್ ವಾಲೆಂಟಿನೊ ಬಾಲ್ಬೊನಿ ಹೆಸರಿನಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಚಾಲನೆ ಇರುವ 250 ಗಲ್ಲಾರ್ಡೊ ಮಾಡಿದ್ದರು ಎಂಬುದನ್ನೂ ಮರೆಯಬಾರದು.

ಮಾಲೀಕರ ಇ-ಗೇರ್ ಗಲ್ಲಾರ್ಡೊ ಕೊಂಡವರು ಹುರಾಕನ್ ಓಡಿಸಿಕೊಂಡಿದ್ದ, ವಯಸ್ಸಿನಲ್ಲಿ ಚಿಕ್ಕವರೊಬ್ಬರು. ಕಾರು ನೋಡಲು ಬಂದಾಗ ಗೇರ್ ಬದಲಾಗುವಾಗಿನ ಜಗ್ಗಾಟದ ಬಗ್ಗೆ ಮಾಲೀಕರು ಮುಂಚೆಯೇ ಹೇಳಿದರು, ಆಮೇಲೆ ಮಾತು ಬರಬಾರದು ಎಂದು. ಅವರು ಓಡಿಸಿ ಬಂದು, ತನಗೆ ಬೇಕಾದದ್ದೇ ಆ ಜಗ್ಗಾಟ, ಹುರಾಕನ್‌ನಲ್ಲಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ ಎಂದು ಚೌಕಾಸಿ ಕೂಡ ಮಾಡದೆ ತೆಗೆದುಕೊಂಡು ಹೋದರು.